ಪರದೆಯ ಎಡಕ್ಕೆ ಮೀನಿಲ್ಲ

ಕರಾವಳಿಯಲ್ಲಿ ಈಗ ಎಂಜಿನ್ ಕಟ್ಟಿದ ಸಣ್ಣ ದೋಣಿಗಳಲ್ಲೂ ಫಿಶ್ ಫೈಂಡರ್ ಬಂದು ಕೂತಿದೆ. ಅಂಗೈಯಗಲದ ಪರದೆ, ಅದರ ಮೇಲೆ ನೀಲಿ, ಹಳದಿ, ಕೆಂಪು ಬಣ್ಣಗಳು. ದುಡ್ಡು ಕೊಟ್ಟರೆ ಅಂಗಡಿಯವರೇ ಕೂರಿಸಿ ಕೊಡುತ್ತಾರೆ. ಓದುವುದನ್ನು ಮಾತ್ರ ಯಾರೂ ಕಲಿಸಿ ಕೊಡುವುದಿಲ್ಲ.

ಇದನ್ನು ಟಿ.ವಿ.ಯಂತೆ ನೋಡುವುದರಿಂದಲೇ ತೊಂದರೆಯೆಲ್ಲ. ದೋಣಿಯ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಬಿಟ್ಟು ಪ್ರತಿಧ್ವನಿಗೆ ಕಾಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 15 ಮೀಟರ್ ಆಳದ ತಳ ಮುಟ್ಟಿ ಮರಳಲು ಸೆಕೆಂಡಿನ ಐವತ್ತರಲ್ಲೊಂದು ಭಾಗ ಸಾಕು. ಹೀಗೆ ಬಂದ ಪ್ರತಿಧ್ವನಿಗಳನ್ನು ಯಂತ್ರ ಪರದೆಯ ಬಲತುದಿಯಲ್ಲಿ ಒಂದು ನಿಲುಗೆರೆಯಾಗಿ ಬರೆಯುತ್ತದೆ. ಹೊಸ ಗೆರೆ ಬಂದಂತೆ ಹಳೆಯವು ಎಡಕ್ಕೆ ಸರಿಯುತ್ತವೆ. ಅಂದರೆ ಈ ಕ್ಷಣ ದೋಣಿಯ ಕೆಳಗಿರುವುದು ಬಲತುದಿಯ ಆ ಒಂದು ಗೆರೆ ಮಾತ್ರ. ಮಿಕ್ಕದ್ದೆಲ್ಲ ಆಗಿಹೋದ ಸಂಗತಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು, "ಮಾಷ್ಟ್ರೇ, ಇದರಲ್ಲಿ ಮೀನು ಉಂಟು ಅಂತ ತೋರಿಸ್ತದೆ, ಬಲೆ ಬಿಟ್ಟರೆ ಒಂದೂ ಇಲ್ಲ" ಎಂದು ದೂರು ಹೇಳಿದ. ವಿಚಾರಿಸಿದರೆ, ಪರದೆಯ ಎಡಭಾಗದಲ್ಲಿ ಗುಂಪು ಕಂಡಾಗಲೆಲ್ಲ ಆತ ದೋಣಿಯನ್ನು ಎಡಕ್ಕೆ ತಿರುಗಿಸುತ್ತಿದ್ದ! ಆ ಗುಂಪು ಇದ್ದದ್ದು ಅವನು ದಾಟಿ ಬಂದ ದಾರಿಯಲ್ಲಿ, ಹಿಂದೆ. ಇಂಧನ ಸುಟ್ಟದ್ದು ಎಷ್ಟೋ.

ಇದು ಹೊಳೆದರೆ ಉಳಿದದ್ದು ಹೈಸ್ಕೂಲಿನ ಪಾಠ. ಪರದೆಯಲ್ಲಿ ಉದ್ದ ಗೆರೆ ಕಂಡರೆ ಮೀನು ಉದ್ದವೆಂದಲ್ಲ. ಲಂಗರು ಹಾಕಿ ನಿಂತ ದೋಣಿಯ ಕೆಳಗೆ ಬೆರಳುದ್ದದ ಮೀನು ಸುಮ್ಮನೆ ನಿಂತಿದ್ದರೂ ಗೆರೆ ಬೆಳೆಯುತ್ತಲೇ ಹೋಗುತ್ತದೆ. ದೋಣಿ ಚಲಿಸುತ್ತಿದ್ದರೆ ಅದೇ ಮೀನು ಕಮಾನಾಗಿ ಕಾಣುತ್ತದೆ. ಶಬ್ದ ಕೆಳಗಿಳಿಯುವುದು ಶಂಕುವಿನ ಆಕಾರದಲ್ಲಿ. ಶಂಕುವಿನ ಅಂಚಿನಲ್ಲಿದ್ದಾಗ ಮೀನು ತುಸು ದೂರ, ನೇರ ಕೆಳಗೆ ಬಂದಾಗ ಹತ್ತಿರ, ದಾಟಿದ ಮೇಲೆ ಮತ್ತೆ ದೂರ. ಬಂಗುಡೆ, ಬೂತಾಯಿ ಒತ್ತಾಗಿ ಗುಂಪು ಕಟ್ಟಿದಾಗ ಬಿಡಿ ಕಮಾನುಗಳ ಬದಲು ಮೋಡದಂಥ ಮುದ್ದೆ ಮೂಡುತ್ತದೆ. ಶಂಕುವಿನ ಕೋನ 20 ಡಿಗ್ರಿ ಎನ್ನಿ, 15 ಮೀಟರ್ ಆಳದಲ್ಲಿ ನಮಗೆ ಕಾಣುವುದು ಸುಮಾರು 5 ಮೀಟರ್ ಅಡ್ಡಳತೆಯ ವೃತ್ತ ಅಷ್ಟೆ. ಅದರಾಚೆ ಕಡಲೆಲ್ಲ ಕುರುಡು.

ತಳವನ್ನೂ ಓದಬೇಕು. ಬಂಡೆಯಿದ್ದರೆ ಗಾಢ ಕೆಂಪು. ಎಷ್ಟೋ ಸಲ ಎರಡರಷ್ಟು ಆಳದಲ್ಲಿ ಇನ್ನೊಂದು ತಳವೂ ಕಾಣುತ್ತದೆ, ಶಬ್ದ ಎರಡು ಬಾರಿ ಹೋಗಿಬಂದದ್ದರಿಂದ. ಕೆಸರಾದರೆ ಮಸುಕು. ಬಲೆ ಹರಿಯದೆ ಉಳಿಯಬೇಕಾದರೆ ಮೀನಿಗಿಂತ ಮೊದಲು ಇದನ್ನು ನೋಡಬೇಕು. ಪುಟ್ಟ ಮೀನಿನ ಚಿತ್ರಗಳನ್ನು ಮೂಡಿಸುವ ಏರ್ಪಾಡನ್ನಂತೂ ಮುಚ್ಚಿಬಿಡುವುದೇ ಮೇಲು. ತೇಲುವ ಕಸ, ಗಾಳಿಗುಳ್ಳೆಗಳಿಗೂ ಅದು ಬಾಲ ಬರೆದು ಕೊಡುತ್ತದೆ.

ಗುಳ್ಳೆಯೆಂದ ಕೂಡಲೇ ನೆನಪಾಯಿತು. ಮೀನಿದ್ದಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಶಬ್ದವನ್ನು ಹಿಂದಿರುಗಿಸುತ್ತದೆ ಎಂಬ ಎಳೆ ಹಿಡಿದೇ ಜಪಾನಿನ ಫುರುನೊ ಸೋದರರು 1948ರಲ್ಲಿ ಈ ಯಂತ್ರವನ್ನು ಬಳಕೆಗೆ ತಂದದ್ದು. ಅನೇಕ ಮೀನುಗಳಲ್ಲಿ ಗಟ್ಟಿ ಪ್ರತಿಧ್ವನಿ ಬರುವುದು ಮೈಯೊಳಗಿನ ಗಾಳಿಚೀಲದಿಂದ. ಶಾರ್ಕ್, ತೊರಕೆಗಳಿಗೆ ಆ ಚೀಲವಿಲ್ಲ. ಗಾತ್ರ ದೊಡ್ಡದಿದ್ದರೂ ಗುರುತು ಮಂಕಾಗಬಹುದು.

ಕೆಳಗಿರುವುದು ಯಾವ ಮೀನು ಎಂದು ಪರದೆ ಹೆಸರಿಸುವುದಿಲ್ಲ. ಅದಕ್ಕೆ ನೀರಿನ ಬಣ್ಣ, ಹಕ್ಕಿಗಳ ಹಾರಾಟ, ತಿಂಗಳು, ಆಳ ಎಲ್ಲ ಬಲ್ಲ ಹಿರಿಯರು ದೋಣಿಯಲ್ಲಿರಬೇಕು. ಅವರು ಆಳವನ್ನು ಹೇಳುವುದು ಮಾರಿನ ಲೆಕ್ಕದಲ್ಲಿ, ಚಾಚಿದ ಎರಡು ತೋಳುಗಳ ಅಳತೆಯಲ್ಲಿ. ಇಂಗ್ಲಿಷರ ಫ್ಯಾದಮ್ ಕೂಡ ಅದೇ, 6 ಅಡಿ. ಬಹಳಷ್ಟು ಯಂತ್ರಗಳಲ್ಲಿ ಮೀಟರ್ ತೆಗೆದು ಫ್ಯಾದಮ್ ಇಡಲು ಅವಕಾಶವುಂಟು. ಮನೆಯ ಹಿರಿಯರು ಜೊತೆಗೆ ಬರುವುದಾದರೆ ಹಾಗೇ ಇಟ್ಟುಕೊಳ್ಳಿ.