ಹೊಳೆಯ ಮೀನು ಯಾರ ಸೊತ್ತು?

ಪ್ರತಿವರ್ಷ ಸೆಪ್ಟೆಂಬರ್ ಬಂತೆಂದರೆ ಸರ್ಕಾರಕ್ಕೆ ಬಡವರ ಹೊಟ್ಟೆಯ ನೆನಪಾಗುತ್ತದೆ. 2018ರಿಂದ ಈ ತಿಂಗಳಿಗೆ ಪೋಷಣ ಮಾಸವೆಂದು ನಾಮಕರಣವಾಗಿದೆ. ಅಂಗನವಾಡಿಯ ಮುಂದೆ ರಂಗೋಲಿ, ಮೇಜಿನ ಮೇಲೆ ಸೊಪ್ಪು ತರಕಾರಿಯ ಪ್ರದರ್ಶನ, ತಾಯಂದಿರಿಗೆ ಭಾಷಣ. ಭಾಷಣ ಕೇಳಿದ ತಾಯಿ ಸಕಲೇಶಪುರದ ಯಾವುದೋ ತೋಟದ ಲೈನಿಗೆ ಹಿಂತಿರುಗಿ, ಅನ್ನಕ್ಕೆ ತಿಳಿಸಾರು ಹಾಕಿ ಮಕ್ಕಳಿಗೆ ಬಡಿಸುತ್ತಾಳೆ. ಅವಳಿಗೆ ತಿಳಿವಳಿಕೆಯ ಕೊರತೆಯೇ, ತಟ್ಟೆಗೆ ಹಾಕಲು ಪದಾರ್ಥದ ಕೊರತೆಯೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುವಂತೆ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಬಡವನ ದಿನದ ಮೂರಾಣೆಯ ಲೆಕ್ಕ ಕೇಳಿ ಪ್ರಧಾನಿಯನ್ನು ಎದುರಿಸಿದರು. ಇಂದು ಕೇಳಬೇಕಾದದ್ದು ಗ್ರಾಮಿನ ಲೆಕ್ಕ.

ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಸಸಾರಜನಕವಿದೆ; ಅಷ್ಟೇ ತೂಕದ ಹೊಳೆಮೀನಿನಲ್ಲಿ ಹದಿನೈದರಿಂದ ಇಪ್ಪತ್ತು. ಬರೀ ತೂಕದ ಮಾತಲ್ಲ. ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಅವುಗಳಲ್ಲಿ ಲೈಸಿನ್ ಎಂಬುದು ಅಕ್ಕಿಯಲ್ಲಿ ತೀರಾ ಕಡಿಮೆ. ಒಂದು ಕಡಿಮೆಯಾದರೆ ಉಳಿದವು ಇದ್ದೂ ಮೈಗೆ ಪೂರ್ತಿ ಹತ್ತುವುದಿಲ್ಲ. ಮೀನಿನಲ್ಲಿ ಅದೇ ಲೈಸಿನ್ ಅಕ್ಕಿಯ ಸುಮಾರು ಐದು ಪಟ್ಟು. ಬೇಳೆಯಿಲ್ಲವೇ ಎನ್ನುವವರು ಅಂಗಡಿಯಲ್ಲಿ ಬೇಳೆಯ ದರ ವಿಚಾರಿಸಿ ಬರಲಿ. ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಸುಣ್ಣದ ಅಂಶವನ್ನೂ ಕೊಡುತ್ತದೆ. ಅನ್ನದ ಜೊತೆ ಮೀನುಸಾರು ಮಾಡಿದ ನಮ್ಮ ಅಜ್ಜಿಯರು ಈ ವಿಜ್ಞಾನವನ್ನು ಯಾವ ಪ್ರದರ್ಶನದಲ್ಲಿಯೂ ಕಲಿತವರಲ್ಲ.

ಮಲೆನಾಡಿನ ಬಡವನಿಗೆ ಇದು ದುಡ್ಡಿಲ್ಲದೆ ಒದಗಿದ ಆಹಾರ. ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಹಳ್ಳ ಏರಿ ಗದ್ದೆಗೆ ಬರುತ್ತಿತ್ತು. ತೂಬಿನ ಬಾಯಿಗೆ ಕೂಳಿ ಇಟ್ಟರೆ ಬೆಳಗಿನ ಸಾರಿಗೆ ಚಿಂತೆಯಿಲ್ಲ. ಗದ್ದೆಯ ಬದುವಿನಲ್ಲಿ ಏಡಿ, ಕೆಸರಿನಲ್ಲಿ ಕೊರವ. ಇದಕ್ಕೆ ಕಾರ್ಡು ಬೇಡ, ಸಾಹೇಬರ ರುಜು ಬೇಡ.

ಈ ಅನ್ನವನ್ನು ಕಸಿದವರಾರು? ಕಾಫಿ ಕೊಯ್ಲಿನ ಕಾಲದಲ್ಲಿ, ಹಳ್ಳಗಳಲ್ಲಿ ನೀರು ಸಣ್ಣಗಾದ ಹೊತ್ತಿಗೇ, ಪಲ್ಪರಿನ ಸಿಹಿನೀರನ್ನು ಅವಕ್ಕೆ ಬಿಡುವ ತೋಟಗಳಿವೆ. ಅದು ಹುಳಿತು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಉಸಿರುಕಟ್ಟಿ ಸಾಯುತ್ತದೆ. ನೀರು ಕೆಡಿಸಬಾರದೆಂಬ ಕಾನೂನು ಬಂದದ್ದು 1974ರಲ್ಲಿ! ಆಲೂರಿನ ಕಡೆ ಶುಂಠಿ ನುಗ್ಗಿದ ಗದ್ದೆಗಳಿಂದ ವಿಷದೌಷಧ ತೊಳೆದು ಹೋಗುವುದೂ ಹಳ್ಳಕ್ಕೇ. ಸಿಡಿಮದ್ದು ಹಾಕಿ ಮರಿಗಳ ಸಮೇತ ಕೊಲ್ಲುವವರನ್ನು ನಾವು ಸಮರ್ಥಿಸುವುದಿಲ್ಲ. 1897ರಿಂದಲೂ ಅದು ಅಪರಾಧವೇ. ಆದರೆ ಸಿಡಿಮದ್ದಿನವನನ್ನು ಹಿಡಿಯುವ ಕೈ ಪಲ್ಪರಿನ ಮಾಲೀಕನ ಗೇಟಿನ ಮುಂದೆ ಏಕೆ ನಡುಗುತ್ತದೆ?

ಇದರ ಮೇಲೆ ಎತ್ತಿನಹೊಳೆ. 24 ಟಿಎಂಸಿ ಮಳೆಗಾಲದ ನೀರನ್ನು ಪೂರ್ವಕ್ಕೆ ತಿರುಗಿಸುವ ಈ ಯೋಜನೆಯ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ, ಅದೇ ಪೋಷಣ ಮಾಸದಲ್ಲಿ. ಬಯಲುಸೀಮೆಯ ಬಾಯಾರಿಕೆಯನ್ನು ನಾವು ಹೀಯಾಳಿಸುವವರಲ್ಲ. ಮೊಟ್ಟೆಯಿಡಲು ಮೀನು ಹೊಳೆಯೇರುವುದೂ ಮಳೆಗಾಲದಲ್ಲಿಯೇ. ಅಡ್ಡಕಟ್ಟೆಯ ಗೋಡೆಗೆ ಮೂತಿ ತಗುಲಿದ ಮೀನು ಯಾವ ಕಚೇರಿಗೆ ಅರ್ಜಿ ಹಾಕಬೇಕು?

ಇನ್ನು ಮಡಿವಂತರ ಮಾತು. 2021ರಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಎಂದಾಗ ಕೆಲವು ಮಠಾಧಿಪತಿಗಳು ಎದ್ದು ನಿಂತರು. ತಿನ್ನದವರಿಗೆ ಬಾಳೆಹಣ್ಣಿದೆ, ತಿನ್ನುವ ಮಗುವಿನ ತಟ್ಟೆಗೆ ಕೈ ಅಡ್ಡ ಹಿಡಿಯುವ ಅಧಿಕಾರ ಯಾರಿಗೂ ಇಲ್ಲ.

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹೊಲಮನೆ ಮುಳುಗಿದವರ ಮಕ್ಕಳಿಗೆ ಆ ನೀರಿನ ಮೀನಿನ ಮೇಲೆ ಮೊದಲ ಹಕ್ಕಿರಬೇಡವೇ? ಜಲಾಶಯ, ದೊಡ್ಡ ಕೆರೆಗಳನ್ನು ಟೆಂಡರು ಕರೆದು ಗುತ್ತಿಗೆಗೆ ಕೊಡುವ ಪದ್ಧತಿಯಲ್ಲಿ ಹಣವಿದ್ದವನು ಹಿಡಿಯುತ್ತಾನೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೀನು ಪಟ್ಟಣಕ್ಕೆ ಹೋಗುತ್ತದೆ. ಸಹಕಾರ ಸಂಘಗಳಿಗೂ ಗುತ್ತಿಗೆ ಸಿಗುತ್ತದೆ ನಿಜ. ಸಂಘದ ಹೆಸರಿನ ಹಿಂದೆ ಸಾಹುಕಾರನ ದುಡ್ಡಿರಕೂಡದು.

ಜಲಾಶಯದ ಅಂಚಿನ ಕೂಲಿಕಾರರು, ಮುಳುಗಡೆಯವರು ಕೂಡಿದ ಸಂಘಕ್ಕೇ ಹಕ್ಕು ಕೊಡಿ. ಹಿಡಿದದ್ದರಲ್ಲಿ ಒಂದು ಪಾಲು ಆಲೂರು, ಸಕಲೇಶಪುರದ ಸಂತೆಗಳಲ್ಲಿ ಗೊತ್ತುಪಡಿಸಿದ ದರಕ್ಕೆ ಮಾರಾಟವಾಗಲಿ. ಬರುವ ಕೊಯ್ಲಿಗೆ ಮುಂಚೆ ಪಲ್ಪರುಗಳ ತಪಾಸಣೆ ನಡೆದು, ನಿಯಮ ಮೀರಿದ ತೋಟಗಳ ಪಟ್ಟಿ ತಾಲ್ಲೂಕು ಕಚೇರಿಯ ಬಾಗಿಲಿಗೆ ಅಂಟಬೇಕು. ಅಂಟದಿದ್ದರೆ ಆ ಬಾಗಿಲಲ್ಲಿ ನಾವೇ ಕೂರುತ್ತೇವೆ, ಖಾಲಿ ಕೂಳಿಗಳನ್ನು ಮುಂದಿಟ್ಟುಕೊಂಡು.