ಎರಡು ಟಿಕೆಟು, ಎರಡು ಕರಾರು: ಅಗ್ಗದ ವಿಮಾನಯಾನ ಮತ್ತು ಲಗೇಜಿನ ಲೆಕ್ಕ

ಮುಂಬಯಿ: 2025ರ ಡಿಸೆಂಬರ್ 25ರಂದು ನವಿ ಮುಂಬಯಿ ವಿಮಾನ ನಿಲ್ದಾಣದಿಂದ ಸಂಚಾರ ಆರಂಭಗೊಳ್ಳುವುದರೊಂದಿಗೆ ಮಹಾನಗರದ ವಿಮಾನ ಪ್ರಯಾಣಿಕರಿಗೆ ಎರಡನೇ ನಿಲ್ದಾಣ ದೊರೆತಂತಾಗಿದೆ. ಇದು ಸಂತಸದ ವಿಷಯವೇ. ಆದರೆ ವಿದೇಶದಿಂದ ಇಲ್ಲಿಗೆ ಬಂದು, ಬೇರೊಂದು ಟಿಕೆಟಿನಲ್ಲಿ ಮಂಗಳೂರಿಗೋ ಹುಬ್ಬಳ್ಳಿಗೋ ತೆರಳುವ ತುಳು-ಕನ್ನಡಿಗರು ಇನ್ನು ಮೊದಲಿಗಿಂತ ಹೆಚ್ಚು ಎಚ್ಚರ ವಹಿಸಬೇಕಾಗಿದೆ. ಸಹಾರ್‌ನಲ್ಲಿ ಇಳಿದವರ ಮುಂದಿನ ವಿಮಾನ ಪನ್ವೇಲ್ ಬಳಿಯ ಉಲ್ವೆಯಿಂದ ಹೊರಡುವುದೂ ಸಾಧ್ಯ. ಟಿಕೆಟಿನಲ್ಲಿ ಬಿಓಎಂ ಎಂದಿದ್ದರೆ ಹಳೆಯ ನಿಲ್ದಾಣ, ಎನ್‌ಎಂಐ ಎಂದಿದ್ದರೆ ನವಿ ಮುಂಬಯಿ. ಹಳೆಯ ನಿಲ್ದಾಣದಲ್ಲೂ ಟರ್ಮಿನಲ್ ಒಂದೋ ಎರಡೋ ಎಂಬುದನ್ನು ನೋಡಿಕೊಳ್ಳುವುದು ಅಗತ್ಯ.

ಬೇರೆ ಬೇರೆ ಟಿಕೆಟು ಕೊಂಡರೆ ನಾಲ್ಕೈದು ಸಾವಿರ ಉಳಿಯುತ್ತದೆ ಎಂಬುದು ಅನೇಕರ ಲೆಕ್ಕ. ಕೆಲವೊಮ್ಮೆ ಉಳಿಯುವುದೂ ನಿಜ. ಆದರೆ ಟಿಕೆಟು ಎಂಬುದು ಒಂದು ಕರಾರು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟು ಇದ್ದರೆ ಪ್ರಯಾಣಿಕನನ್ನು ಊರಿನ ನಿಲ್ದಾಣದವರೆಗೆ ತಲುಪಿಸುವ ಹೊಣೆ ವಿಮಾನ ಕಂಪನಿಗಳದ್ದು. ಎರಡು ಟಿಕೆಟು ಇದ್ದರೆ ನಡುವಿನ ಹೊಣೆಯೆಲ್ಲ ಪ್ರಯಾಣಿಕನ ತಲೆಯ ಮೇಲೆ. ಉಳಿತಾಯದಂತೆ ಕಾಣುವ ಹಣ ವಾಸ್ತವವಾಗಿ ಈ ಹೊಣೆ ಹೊತ್ತದ್ದಕ್ಕೆ ಸಿಗುವ ಬೆಲೆ.

ಮೊದಲು ತೂಕದ ವಿಷಯ. ಒಂದೇ ಟಿಕೆಟಿನಲ್ಲಿ ಹಲವು ಕಂಪನಿಗಳ ವಿಮಾನಗಳಿದ್ದರೂ ಸಾಮಾನ್ಯವಾಗಿ ಇಡೀ ಯಾನಕ್ಕೆ ಒಂದೇ ಲಗೇಜ್ ನಿಯಮ ಅನ್ವಯವಾಗುತ್ತದೆ. ಅಮೆರಿಕದಿಂದ ಬರುವವರಿಗೆ ಎಷ್ಟೋ ಟಿಕೆಟುಗಳಲ್ಲಿ ತಲಾ 23 ಕಿಲೋದ ಎರಡು ಪೆಟ್ಟಿಗೆಗಳಿಗೆ, ಅಂದರೆ 46 ಕಿಲೋಗೆ ಅವಕಾಶವಿದೆ. ನಮ್ಮ ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಇರುವುದು ಬಹುತೇಕ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಬೇರೆ ಟಿಕೆಟು ಕೊಂಡವರಿಗೆ ಮುಂಬಯಿಯಲ್ಲಿ 31 ಕಿಲೋ ಹೆಚ್ಚುವರಿಯಾಗುತ್ತದೆ. ಕಿಲೋಗೆ 600 ರೂ. ಎಂದು ಹಿಡಿದರೂ 18,600 ರೂ. ಆಯಿತು. ಟಿಕೆಟಿನಲ್ಲಿ ಉಳಿಸಿದ್ದು ಎಲ್ಲಿ ಹೋಯಿತು? ಹೆಚ್ಚುವರಿ ತೂಕವನ್ನು ಮುಂಚಿತವಾಗಿ ಕಾಯ್ದಿರಿಸಿದರೆ ಕೌಂಟರಿಗಿಂತ ಅಗ್ಗವಾಗುವುದುಂಟು.

ಎರಡನೆಯದು ಸಮಯ. ವಿದೇಶದಿಂದ ಬಂದವರು ಸಾಮಾನ್ಯವಾಗಿ ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಪೆಟ್ಟಿಗೆ ಪಡೆದು ಕಸ್ಟಮ್ಸ್ ದಾಟಬೇಕು. ಒಂದೇ ಟಿಕೆಟಿನವರು ಅದನ್ನು ಅಲ್ಲೇ ಮರಳಿ ಒಪ್ಪಿಸಬಹುದು. ಎರಡು ಟಿಕೆಟಿನವರು ಹೊರಬಂದು, ಅಗತ್ಯವಿದ್ದರೆ ಟ್ಯಾಕ್ಸಿ ಹಿಡಿದು, ಹೊಸದಾಗಿ ಸರದಿಯಲ್ಲಿ ನಿಲ್ಲಬೇಕು. ಒಳನಾಡು ವಿಮಾನದ ಕೌಂಟರು ಸುಮಾರು ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ದಾಖಲೆಯಲ್ಲಿ ಅದು "ಪ್ರಯಾಣಿಕ ಬರಲಿಲ್ಲ" ಎಂದೇ. ಆಗ ಖಂಡಿತವಾಗಿ ಮರಳಿ ಕೇಳಬಹುದಾದದ್ದು ಸರಕಾರಿ ತೆರಿಗೆ ಹಾಗೂ ನಿಲ್ದಾಣದ ಶುಲ್ಕ ಮಾತ್ರ. ಅದನ್ನಾದರೂ ಕೇಳಲು ಮರೆಯಬಾರದು. ಊರಿನಿಂದ ಹೊರಟು ಇಲ್ಲಿ ವಿದೇಶದ ವಿಮಾನ ತಪ್ಪಿಸಿಕೊಂಡವರ ನಷ್ಟವಂತೂ ಇನ್ನೂ ದೊಡ್ಡದು.

ದುಬೈಯಂಥ ವಿದೇಶಿ ನಿಲ್ದಾಣದಲ್ಲಿ ಟಿಕೆಟು ಬದಲಾಗುವುದಿದ್ದರೆ ಮತ್ತೊಂದು ತೊಡಕು. ಪೆಟ್ಟಿಗೆ ಪಡೆಯಲು ಹೊರಬರಬೇಕಾದರೆ ಆ ದೇಶದ ವೀಸಾ ಬೇಕಾಗಬಹುದು. ವೀಸಾ ಇಲ್ಲದವರನ್ನು ಹೊರಡುವಲ್ಲೇ ತಡೆಯುವ ಸಾಧ್ಯತೆಯೂ ಇದೆ.

ಪೆಟ್ಟಿಗೆ ಕಳೆದರೆ ನಿಲ್ದಾಣ ಬಿಡುವ ಮೊದಲೇ ದೂರು ದಾಖಲಿಸಬೇಕು. ಭಾರತವೂ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದಂತೆ ಅಂತರ್‌ರಾಷ್ಟ್ರೀಯ ಯಾನದಲ್ಲಿ ಲಗೇಜ್ ಹಾಳಾದರೆ 7 ದಿನದೊಳಗೆ, ತಡವಾಗಿ ಸಿಕ್ಕರೆ ಸಿಕ್ಕಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಎರಡು ಟಿಕೆಟಿದ್ದಲ್ಲಿ "ನಮ್ಮಲ್ಲಿ ಸರಿಯಿತ್ತು" ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಸುಲಭ. ಆದ್ದರಿಂದ ಎರಡೂ ಕಡೆಯ ಲಗೇಜ್ ಚೀಟಿಗಳನ್ನು ಊರು ಮುಟ್ಟುವವರೆಗೆ ಜೋಪಾನ ಮಾಡಬೇಕು.

ಹಾಗೆಂದು ಪ್ರತ್ಯೇಕ ಟಿಕೆಟು ಕೊಳ್ಳಲೇಬಾರದೆಂದಲ್ಲ. ಕೈಚೀಲ ಮಾತ್ರ ಇರುವವರಿಗೆ, ಮುಂಬಯಿಯಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ತಂಗಿ ಹೋಗುವವರಿಗೆ ಅದು ಲಾಭದಾಯಕವೇ. ಆದರೆ ಮಗಳ ಬಾಣಂತನಕ್ಕೆಂದು ಒಂಟಿಯಾಗಿ ವಿದೇಶಕ್ಕೆ ಹೊರಟ ವಯಸ್ಸಾದ ತಾಯಿಗೆ, ಮರುದಿನದ ಮದುವೆ ಮುಹೂರ್ತಕ್ಕೆ ಊರಿಗೆ ಧಾವಿಸುವವರಿಗೆ ಒಂದೇ ಟಿಕೆಟು ಲೇಸು. ಮಕ್ಕಳು ವಿದೇಶದಲ್ಲಿ ಕುಳಿತು ಟಿಕೆಟು ಕಳುಹಿಸಿದಾಗ ಹಿರಿಯರು ಕೇಳಬೇಕಾದ ಪ್ರಶ್ನೆಗಳು ಮೂರೇ: ಟಿಕೆಟು ಒಂದೋ ಎರಡೋ? ಪ್ರತಿ ಹಂತದಲ್ಲಿ ಎಷ್ಟು ಕಿಲೋ? ಪೆಟ್ಟಿಗೆ ಪಡೆಯಬೇಕಾದದ್ದು ಎಲ್ಲಿ? ರಜಾಕಾಲಕ್ಕೆ ಮುನ್ನ ಕನ್ನಡ ಸಂಘಗಳು ತಮ್ಮ ಹಿರಿಯ ಸದಸ್ಯರಿಗಾಗಿ ಒಂದು ಸಂಜೆ ಈ ಕುರಿತು ಮಾಹಿತಿ ಕೊಡುವ ವ್ಯವಸ್ಥೆ ಮಾಡಿದರೆ ಅದೂ ಸಮಾಜಸೇವೆಯೇ ಆದೀತು.