“ಕೂತ್ಕೊಳವ್ವ, ಬಿದ್ದೀಯ!”

ದೀಪಾವಳಿಗೆ ಊರಿಗೆ ಹೋಗಿದ್ದೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿ ನಮ್ಮದು. ದೊಡ್ಡವ್ವ ಜಗಲಿ ಮೇಲೆ ಕೂತಿದ್ದಳು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೈಸೂರಲ್ಲಿ ಆಪರೇಷನ್ ಆಯ್ತು, ರಾಡ್ ಹಾಕಿದರು, ಆ ವರ್ಷದ ಹೊಗೆಸೊಪ್ಪಿನ ದುಡ್ಡು ಅಲ್ಲಿಗೇ ಮುಗೀತು. ಈಗ ಅವಳು ಗೋಡೆ ಹಿಡಿದು ಎದ್ದರೆ ಸಾಕು, ಮನೆಮಂದಿಯೆಲ್ಲ ಒಟ್ಟಿಗೆ ಕೂಗ್ತಾರೆ: “ಕೂತ್ಕೊಳವ್ವ, ಬಿದ್ದೀಯ!”

ನಾನೂ ಕೂಗಿದೆ. ಬಸ್ಸಲ್ಲಿ ವಾಪಸ್ ಬರ್ತಾ ಹೊಳೀತು.. ನಾವೆಲ್ಲ ಸೇರಿ, ಪ್ರೀತಿಯಿಂದಲೇ, ಅವಳ ಕಾಲು ಕಿತ್ಕೊಳ್ತಾ ಇದೀವಿ. ಕೂತಷ್ಟೂ ತೊಡೆ ಸೊರಗುತ್ತೆ, ತೊಡೆ ಸೊರಗಿದಷ್ಟೂ ಮತ್ತೆ ಬೀಳೋದು ಖಚಿತ.

ಈ ಮಾತು ಎತ್ತಿದರೆ ಊರಲ್ಲಿ ಬರೋ ಮೊದಲ ಉತ್ತರ: “ಹಳ್ಳಿಯವರಿಗೆ ಎಂಥಾ ಎಕ್ಸರ್‌ಸೈಜು? ರಾಗಿ ತಿಂದು ಗದ್ದೇಲಿ ಗೇದವರು!” ಸರಿ ಸ್ವಾಮಿ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ಬಚ್ಚಲಲ್ಲಿ ಕಾಲು ಜಾರಿದಾಗ ಮೈ ಹಿಡಿದು ನಿಲ್ಲಿಸೋದು ಮುದ್ದೆ ಅಲ್ಲ, ಕಾಲಿನ ಬಲ. ಗೇಮೆ ಅಂದ್ರೂ ಎಂಥದ್ದು? ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು, ಕೆ.ಆರ್.ನಗರದಲ್ಲಿ ಭತ್ತದ ನಾಟಿ, ಎಚ್.ಡಿ.ಕೋಟೇಲಿ ಹತ್ತಿ ಹೊಲದ ಕಳೆ. ಹೆಚ್ಚಿನದೆಲ್ಲ ಬಗ್ಗಿ ಮಾಡೋದೇ. ಅದೂ ಅರವತ್ತೈದಕ್ಕೋ ಎಪ್ಪತ್ತಕ್ಕೋ ನಿಂತ ಮೇಲೆ ಉಳಿಯೋದು ಜಗಲಿ ಒಂದೇ.

ಎರಡನೇ ಉತ್ತರ: ಯೋಗ ಇದೆಯಲ್ಲ! ಇದೆ. 2022ರ ಜೂನ್ 21ಕ್ಕೆ ಪ್ರಧಾನಿಯೇ ಮೈಸೂರು ಅರಮನೆ ಮುಂದೆ ಸಾವಿರಾರು ಜನರ ಜೊತೆ ಆಸನ ಹಾಕಿದ್ದನ್ನ ದೇಶವೇ ನೋಡ್ತು. ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ವರ್ಷಕ್ಕೊಂದು ದಿನ ಚಾಪೆ ಹಾಸಿದರೆ ಎಪ್ಪತ್ತರ ಅಜ್ಜಿಗೆ ಏನು ಬಂತು? ಸವೆದ ಮೂಳೆಯವರನ್ನ ಮುಂದಕ್ಕೆ ಬಗ್ಗಿಸೋದು ಅಪಾಯ ಕೂಡ. 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಇಂಥ 59 ಹೆಂಗಸರನ್ನ ಗಮನಿಸಿದರು. ಮುಂದಕ್ಕೆ ಬಗ್ಗುವ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಶೇ. 89 ಮಂದಿಗೆ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು. ಬೆನ್ನನ್ನ ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ. 16. ಅಧ್ಯಯನ ಸಣ್ಣದು, ಎಚ್ಚರಿಕೆ ದೊಡ್ಡದು. ಶಿಬಿರದಲ್ಲಿ ಅಜ್ಜಿಯರಿಗೂ “ಕಾಲ್ಬೆರಳು ಮುಟ್ಟಿ” ಅನ್ನೋ ಉತ್ಸಾಹಿಗಳು ಇದನ್ನ ಓದಲಿ.

ಹಾಗಾದರೆ ಏನು ಮಾಡೋದು? ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಮಾಡಿ ತೋರಿಸಿದ್ದಾರೆ. ಎಂಬತ್ತು ದಾಟಿದವರಿಗೂ ಮನೇಲೇ ಕಾಲಿನ ಬಲ ಮತ್ತು ಸಮತೋಲನದ ಅಭ್ಯಾಸ ಕಲಿಸಿದರು. ಬೀಳೋದು ಸುಮಾರು ಶೇ. 35ರಷ್ಟು ಇಳೀತು. ಗಮನಿಸಿ, ತರಬೇತಿ ಪಡೆದ ನರ್ಸುಗಳೂ ಅಲ್ಲಿ ಇದನ್ನ ಕಲಿಸಿದರು. 2019ರ ಕಾಕ್ರೇನ್ ವಿಮರ್ಶೆ ಹತ್ತಾರು ಅಧ್ಯಯನಗಳನ್ನ ಕೂಡಿಸಿ ನೋಡಿ, ವ್ಯಾಯಾಮದಿಂದ ಬೀಳುವುದು ಶೇ. 23 ಕಡಿಮೆ ಆಗುತ್ತೆ ಅಂತು. ಅರವತ್ತೈದು ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ, ಬಲದ ವ್ಯಾಯಾಮ ಬೇಕು ಅಂತ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಇದಕ್ಕೆ ಜಿಮ್ ಬೇಡ, ಟ್ರ್ಯಾಕ್ ಪ್ಯಾಂಟೂ ಬೇಡ. ಗಟ್ಟಿ ಕುರ್ಚಿ, ಒಂದು ಗೋಡೆ ಸಾಕು. ಕೈ ಊರದೆ ಕುರ್ಚಿಯಿಂದ ಏಳೋದು-ಕೂರೋದು. ಗೋಡೆ ಹಿಡಿದು ಹಿಮ್ಮಡಿ ಎತ್ತೋದು. ಒಂಟಿ ಕಾಲಲ್ಲಿ ನಿಲ್ಲೋದು. ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದು ಹೆಜ್ಜೆಯ ಹಿಮ್ಮಡಿ ತಾಗಿಸಿ ನಡೆಯೋದು. ಸೀರೇಲೇ ಮಾಡಬಹುದು. ಈಗಾಗಲೇ ಮೂಳೆ ಮುರಿದವರು ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ ಶುರು ಮಾಡಲಿ, ಅಷ್ಟೇ.

ಜಾಗ ಎಲ್ಲಿ ಅಂತೀರಾ? ಬೆಳಿಗ್ಗೆ-ಸಂಜೆ ಹಾಲು ಹಾಕೋ ಡೈರಿ ಮುಂದೆ, ಶಾಲೆ ಜಗಲೀಲಿ, ದೇವಸ್ಥಾನದ ಅಂಗಳದಲ್ಲಿ, ಹಾಡಿಯ ಸಮುದಾಯ ಭವನದಲ್ಲಿ. ಕಲಿಸೋರು? ಹಿರಿಯರ ಆರೋಗ್ಯಕ್ಕೇ ಅಂತ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಆರೋಗ್ಯ ಕೇಂದ್ರಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಆದರೆ ಆಶಾಗೆ ಇನ್ನೊಂದು ಬಿಟ್ಟಿ ಕೆಲಸ ಅಂಟಿಸಬೇಡಿ, ಗಂಟೆಗಿಷ್ಟು ಅಂತ ಸಂಬಳ ಕೊಡಿ. ಒಂದು ಸೊಂಟದ ಆಪರೇಷನ್ ದುಡ್ಡಲ್ಲಿ ಎಷ್ಟು ತಿಂಗಳು ಕ್ಲಾಸ್ ನಡೆಯುತ್ತೆ, ನೀವೇ ಲೆಕ್ಕ ಹಾಕಿ. ಮೂಳೆ ಮುರಿದ ಮೇಲೆ ರಾಡ್ ಹಾಕೋಕೆ ದುಡ್ಡು ಹುಟ್ಟುತ್ತೆ, ಮುರಿಯೋ ಮುಂಚೆ ಕುರ್ಚಿ ಹಾಕೋಕೆ ಮಾತ್ರ ಹುಟ್ಟಲ್ಲ!

ಕೊನೇ ಬೈಗುಳ ನಮಗೇ. ಬೆಂಗಳೂರಲ್ಲಿ ಕೂತು ತಿಂಗಳಿಗೊಂದು ಕ್ಯಾಲ್ಸಿಯಂ ಡಬ್ಬಿ ಕಳಿಸಿ ಋಣ ತೀರಿಸಿಕೊಳ್ತೀವಲ್ಲ, ಆ ನಮಗೆ. ಡಬ್ಬಿ ಕಳಿಸಿ, ಬೇಡ ಅನ್ನಲ್ಲ. ಜೊತೆಗೆ ಊರಿಗೆ ಹೋದಾಗ ಹತ್ತು ನಿಮಿಷ ಪಕ್ಕದಲ್ಲಿ ನಿಂತು ಕೈ ಕೊಡಿ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಫಿಸಿಯೋದವರು ಹೇಳಿಕೊಟ್ಟಂತೆ ಕುರ್ಚಿಗೆ ಗೋಡೆಯ ಒತ್ತು ಕೊಟ್ಟು, ದೊಡ್ಡವ್ವನ ಮುಂದೆ ನಿಂತು “ಏಳವ್ವ, ನಾನಿದೀನಿ” ಅಂದೆ. ಮೂರು ಸಲ ಎದ್ದಳು. ನಾಲ್ಕನೇ ಸಲಕ್ಕೆ “ನೀನು ಹೋದ್ಮೇಲೆ ಯಾರ್ಲಾ ಹಿಡ್ಕೊಳೋರು?” ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮೂರಲ್ಲಿ ಯಾರಿದ್ದಾರೆ, ಹೇಳಿ?